ಕುರಿ ಯಾರಿಗೆ ಒಪ್ಪಿಸಿ ಹೋದರು?

ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ 8ರಿಂದ 20ರವರೆಗೆ ಹದಿಮೂರು ವಚನಗಳಿವೆ. ಕ್ರಿಸ್‌ಮಸ್ಸಿನ ಕುರುಬರು ನಮ್ಮ ಕಣ್ಣಿಗೆ ಬೀಳುವುದೂ ಅಲ್ಲಿಯೇ, ಮರೆಯಾಗುವುದೂ ಅಲ್ಲಿಯೇ. ಮತ್ತಾಯ ಅವರ ಸುದ್ದಿಯನ್ನೇ ಎತ್ತುವುದಿಲ್ಲ. ಅವನು ಮೂಡಣ ದೇಶದ ಜೋಯಿಸರನ್ನು ಕರೆತರುತ್ತಾನೆ. ಮಾರ್ಕ ಮತ್ತು ಯೋಹಾನರು ಮಗು ಹುಟ್ಟಿದ ಕಥೆಯನ್ನೇ ಹೇಳುವುದಿಲ್ಲ. ಇಷ್ಟು ಚಿಕ್ಕ ಆಯುಷ್ಯದ ಈ ಮಂದಿಯ ಮೇಲೆ ಪ್ರತಿ ಡಿಸೆಂಬರಿನಲ್ಲೂ ಎಷ್ಟೊಂದು ಪ್ರಸಂಗಗಳು, ಎಷ್ಟೊಂದು ನಾಟಕಗಳು, ಚರ್ಚಿನ ಬಾಗಿಲಲ್ಲಿ ಕೈಗೆ ತುರುಕುವ ಎಷ್ಟೊಂದು ನಾಲ್ಕು ಪುಟದ ಪುಸ್ತಿಕೆಗಳು! ಕುರುಬರಿಂದ ನಾವು ಕಲಿಯಬೇಕಾದದ್ದು ಇಂತಿಷ್ಟು ಎಂದು ಅವುಗಳಲ್ಲಿ ಪಟ್ಟಿಯೇ ಇರುತ್ತದೆ. ವಿಧೇಯತೆ, ತ್ವರೆ, ಸಾಕ್ಷಿ ಹೇಳುವುದು, ಸ್ತುತಿಸುವುದು ಹೀಗೆ. ನಾನು ಇಪ್ಪತ್ತೆಂಟು ವರ್ಷ ಪಾಠ ಹೇಳಿಯೇ ಹೊಟ್ಟೆ ಹೊರೆದುಕೊಂಡವಳು; ಪಾಠಗಳ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಮೂಲ ಪಾಠ ಓದದೆ ಗೈಡು ಓದಿಕೊಂಡು ಪರೀಕ್ಷೆಗೆ ಬರುವ ಹುಡುಗಿಯರ ಉತ್ತರವನ್ನು ಮೊದಲ ಸಾಲಿನಲ್ಲೇ ಗುರುತು ಹಿಡಿಯುತ್ತೇನೆ. ಈ ಪುಸ್ತಿಕೆಗಳನ್ನು ಓದುವಾಗಲೂ ನನಗೆ ಅದೇ ವಾಸನೆ ಬರುತ್ತದೆ.

ಮೊದಲಿಗೆ ಒಂದು ಸಣ್ಣ ಮಾತು. ನಮ್ಮ ಸತ್ಯವೇದದ ಹಳೆಯ ಅನುವಾದಕರು ಇವರನ್ನು ಕುರುಬರು ಎಂದು ಕರೆದರು. ಗ್ರೀಕಿನಲ್ಲಿ ಇರುವುದು ಕೇವಲ ಕಸುಬಿನ ಹೆಸರು, ಕುರಿ ಕಾಯುವವರು ಎಂದಷ್ಟೇ. ಕನ್ನಡದಲ್ಲಾದರೆ ಅದು ಕಸುಬೂ ಹೌದು, ಜಾತಿಯೂ ಹೌದು. ಈಚಿನ ಅನುವಾದದಲ್ಲಿ ಕುರಿಗಾಹಿ ಎಂಬ ಪದ ಬಂದಿದೆ. ಅದು ಹೆಚ್ಚು ಸರಿಯಾದ ಪದವೇ ಇರಬಹುದು. ನನಗೆ ಮಾತ್ರ ಹಳೆಯದೇ ಇಷ್ಟ. ಕುರಿಗಾಹಿ ಎಂದರೆ ಪುಸ್ತಕದ ಚಿತ್ರ ಕಣ್ಣಿಗೆ ಬರುತ್ತದೆ. ಕುರುಬ ಎಂದರೆ ಸುಗ್ಗಿ ಮುಗಿದ ಹೊಲದಲ್ಲಿ ಕಂಬಳಿ ಹೊದ್ದು ನಿಂತವನು, ಗೊಬ್ಬರಕ್ಕಾಗಿ ರೈತರು ಕುರಿ ನಿಲ್ಲಿಸಿಕೊಂಡಾಗ ಕಾಳು ಅಳೆಸಿಕೊಳ್ಳುವವನು, ಅವನ ಹಿಂದೆ ಗಂಟುಮೂಟೆ ಹೊತ್ತು ಬಗಲಲ್ಲಿ ಕೂಸು ಕಟ್ಟಿಕೊಂಡು ನಡೆಯುವ ಅವನ ಹೆಂಡತಿ ಎಲ್ಲ ಬರುತ್ತಾರೆ. ಒಂದು ತಮಾಷೆ ನೋಡಿ. ನಾವು ಗೌರವದಿಂದ ಪಾಸ್ಟರ್ ಎನ್ನುತ್ತೇವಲ್ಲ, ಆ ಲ್ಯಾಟಿನ್ ಮಾತಿನ ಅರ್ಥವೂ ಕುರುಬ ಎಂದೇ. ಲ್ಯಾಟಿನ್ನಿನಲ್ಲಿ ಅಂದರೆ ಎದ್ದು ನಿಲ್ಲುತ್ತೇವೆ. ಕನ್ನಡದಲ್ಲಿ ಅಂದರೆ ಕಂಬಳಿಯ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತೇವೆ.

ಈ ಮೂಗು ಮುಚ್ಚಿಕೊಳ್ಳುವ ಬುದ್ಧಿ ನಮ್ಮ ಕ್ರಿಸ್‌ಮಸ್ ನಾಟಕಗಳೊಳಗೂ ನುಸುಳಿದೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಈ ನಾಟಕದ ಸಂಭ್ರಮ ಗೊತ್ತು. ಕುರುಬರಾದವರಿಗೆ ಕಾಡಿಗೆಯ ಮೀಸೆ, ತಲೆಗೆ ಟವೆಲ್ಲು, ಅಜ್ಜನ ಬಡಿಗೆ. ದೇವದೂತರಾದವರಿಗೆ ಬಿಳಿ ಗೌನು, ಜರಿಯ ಕಾಗದದ ರೆಕ್ಕೆ. ಪಾತ್ರ ಹಂಚುವಾಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೂ ಬೆಳ್ಳಗಿನ ಹುಡುಗಿಯರು ದೇವದೂತರ ಸಾಲಿಗೂ ಕಪ್ಪಗಿನ ಹುಡುಗಿಯರು ಕುರುಬರ ಸಾಲಿಗೂ ತಾವಾಗಿಯೇ ಹೋಗಿ ನಿಂತುಬಿಡುತ್ತಾರೆ. ಅಷ್ಟು ಚೆನ್ನಾಗಿ ಕಲಿಸಿರುತ್ತೇವೆ ಅವರಿಗೆ. ಒಂದು ವರ್ಷ ಏಳನೇ ಇಯತ್ತೆಯ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದು, “ಟೀಚರ್, ದೇವದೂತರು ಬೆಳ್ಳಗ ಇರ್ತಾರಂತ ಸತ್ಯವೇದದಾಗ ಬರ್ದದೇನ್ರಿ?” ಎಂದು ಕೇಳಿದಳು. “ಇಲ್ಲವಾ” ಎಂದೆ. ಪುಸ್ತಕ ತೆಗೆದು ತೋರಿಸಿದೆ ಕೂಡ. ದೂತನ ಬಣ್ಣ ಹೇಗಿತ್ತು, ರೆಕ್ಕೆ ಇತ್ತೇ ಇಲ್ಲವೇ ಎಂಬುದರ ಬಗ್ಗೆ ಲೂಕ ಒಂದು ಅಕ್ಷರವನ್ನೂ ಬರೆದಿಲ್ಲ. ಅಷ್ಟೇ ಅಲ್ಲ, ಒಂಬತ್ತನೆಯ ವಚನವನ್ನು ನಿಧಾನವಾಗಿ ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಆ ರಾತ್ರಿ ದೇವರ ಪ್ರಭೆ ಹೊಳೆದದ್ದು ಕುರುಬರ ಸುತ್ತ. ಬೆಳಕು ಬಿದ್ದವರು ಅವರು! ನಾವು ಮಾತ್ರ ವೇದಿಕೆಯ ದೀಪವನ್ನೆಲ್ಲ ರೆಕ್ಕೆಗಳ ಮೇಲೆ ಹಾಕಿ, ಕುರುಬರನ್ನು ಪರದೆಯ ಮೂಲೆಗೆ ಕತ್ತಲಲ್ಲಿ ಕೂಡಿಸುತ್ತೇವೆ. ಆ ವರ್ಷ ಪಾತ್ರಗಳಿಗೆ ಚೀಟಿ ಎತ್ತಿಸಿದೆ. ದೇವದೂತಳಾಗಲೆಂದು ಮಗಳಿಗೆ ಮೊದಲೇ ಗೌನು ಹೊಲಿಸಿಟ್ಟಿದ್ದ ಒಬ್ಬ ತಾಯಿ ಎರಡು ತಿಂಗಳು ನನ್ನನ್ನು ಮಾತಾಡಿಸಲಿಲ್ಲ. ಇರಲಿ.

ಪ್ರಸಂಗಗಳ ಮಾತಿಗೆ ಬರುತ್ತೇನೆ. ಕುರುಬರ ಬಗ್ಗೆ ನಾನು ಕೇಳಿದ ಪ್ರಸಂಗಗಳಲ್ಲಿ ಹೆಚ್ಚಿನವು ಎರಡು ಜಾತಿಯವು. ಒಂದು, ಆ ಕಾಲದ ಯೆಹೂದ್ಯರಲ್ಲಿ ಕುರುಬರೆಂದರೆ ಕಡೆಗಣಿಸಿದ ಜನ, ಕಳ್ಳರೆಂದು ಹೆಸರಾದವರು, ನ್ಯಾಯಸ್ಥಾನದಲ್ಲಿ ಅವರ ಸಾಕ್ಷಿ ನಡೆಯುತ್ತಿರಲಿಲ್ಲ. ಅಂಥವರನ್ನೂ ದೇವರು ಆರಿಸಿಕೊಂಡನು ಎನ್ನುವುದು. ಇನ್ನೊಂದು ಇದಕ್ಕೆ ತಿರುವುಮುರುವು. ಇವರು ಸಾಧಾರಣ ಕುರುಬರಲ್ಲ, ಯೆರೂಸಲೇಮಿನ ದೇವಾಲಯದ ಬಲಿಯ ಕುರಿಗಳನ್ನು ಸಾಕುತ್ತಿದ್ದ ವಿಶೇಷ ಕುರುಬರು; ಮರಿ ಹುಟ್ಟಿದೊಡನೆ ಊನವಾಗದಂತೆ ಬಟ್ಟೆ ಸುತ್ತಿ ಇಡುತ್ತಿದ್ದರು; ಆದ್ದರಿಂದಲೇ ಬಟ್ಟೆ ಸುತ್ತಿದ ಕೂಸಿನ ಗುರುತು ಅವರಿಗೆ ತಟ್ಟನೆ ತಿಳಿಯಿತು ಎನ್ನುವುದು. ಎರಡೂ ಕೇಳಲು ಚೆನ್ನಾಗಿವೆ. ಆದರೆ ಎರಡರ ಬುಡವೂ ಗಟ್ಟಿಯಿಲ್ಲ.

ಮೊದಲನೆಯದಕ್ಕೆ ಆಧಾರ ತಾಲ್ಮುದ್. ಅದರಲ್ಲಿ ಕುರುಬರ ಸಾಕ್ಷಿಯ ಬಗ್ಗೆ ಬಿರುಸು ಮಾತುಗಳು ಇರುವುದು ನಿಜ. ಆದರೆ ಬಾಬಿಲೋನಿನ ತಾಲ್ಮುದ್ ಒಟ್ಟುಗೂಡಿದ್ದು ಯೇಸು ಹುಟ್ಟಿ ನಾಲ್ಕೈದು ನೂರು ವರ್ಷಗಳಾದ ಮೇಲೆ. ಕುರುಬರೆಂದರೆ ಅಸಹ್ಯ ಎಂಬ ಮಾತು ಆದಿಕಾಂಡದ 46ನೆಯ ಅಧ್ಯಾಯದಲ್ಲೂ ಬರುತ್ತದೆ. ಅಲ್ಲಿ ಹಾಗೆ ಅಸಹ್ಯಪಡುವವರು ಐಗುಪ್ತರು, ಯೆಹೂದ್ಯರಲ್ಲ. ಯೆಹೂದ್ಯರ ಮೂಲಪುರುಷ ಅಬ್ರಹಾಮನೇ ಕುರಿಯ ಹಿಂಡಿನವನು. ಯಾಕೋಬ ಇಪ್ಪತ್ತು ವರ್ಷ ಮಾವನ ಕುರಿ ಕಾಯ್ದ. ಮೋಶೆ ಉರಿಯುವ ಪೊದೆ ಕಂಡದ್ದು ಮಾವನ ಕುರಿ ಮೇಯಿಸುವಾಗ. ದಾವೀದ ಇದೇ ಬೆತ್ಲೆಹೇಮಿನ ಕುರಿ ಕಾಯುವ ಹುಡುಗ. ಪ್ರವಾದಿ ಆಮೋಸನ ತೆಕೋವ ಊರು ಬೆತ್ಲೆಹೇಮಿನಿಂದ ದೂರವೇನಲ್ಲ, ಅವನೂ ಅದೇ ಕಸುಬಿನವನು. ಇಂಥ ಜನ ಕುರುಬರನ್ನು ಹೊಲೆಮೈಲಿಗೆಯಂತೆ ಕಂಡರು ಎಂದು ಹೇಳಬೇಕಾದರೆ ಇನ್ನೂ ಗಟ್ಟಿ ಪುರಾವೆ ಬೇಕು. ಕುರುಬರು ಬಡವರು, ಕೂಲಿಯವರು, ರಾತ್ರಿ ನಿದ್ದೆ ಕೆಟ್ಟು ದುಡಿಯುವವರು. ಅಷ್ಟು ಸಾಲದೆ? ಅವರನ್ನು ಕಳ್ಳರನ್ನಾಗಿಯೂ ಮಾಡಬೇಕೆ? “ಅಂಥವರನ್ನೂ” ಎನ್ನುವಾಗಿನ ಆ “ಊ”ಕಾರ ಇದೆಯಲ್ಲ, ಅದರಲ್ಲಿ ದೇವರ ಕರುಣೆಗಿಂತ ನಮ್ಮ ದೊಡ್ಡಸ್ತಿಕೆಯೇ ಹೆಚ್ಚಾಗಿ ಕೇಳಿಸುತ್ತದೆ.

ಎರಡನೆಯದು ಹಬ್ಬಿದ್ದು ಹೆಚ್ಚಾಗಿ ಆಲ್ಫ್ರೆಡ್ ಎಡರ್‌ಶೈಮ್ ಎಂಬ ಪಂಡಿತರು 1883ರಲ್ಲಿ ಬರೆದ ಯೇಸುವಿನ ಜೀವನಚರಿತ್ರೆಯಿಂದ. ಅವರು ವಿಯೆನ್ನಾದಲ್ಲಿ ಯೆಹೂದ್ಯರಾಗಿ ಹುಟ್ಟಿ ಕ್ರೈಸ್ತರಾದವರು. ಯೆಹೂದ್ಯ ಗ್ರಂಥಗಳನ್ನು ಬಲ್ಲವರು. ಅವರು ಹಿಡಿದ ಎಳೆ ಮಿಷ್ನಾ ಗ್ರಂಥದ ಒಂದು ಸಣ್ಣ ನಿಯಮ. ಮಿಷ್ನಾ ಸಂಗ್ರಹವಾದದ್ದು ಕ್ರಿ.ಶ. 200ರ ಸುಮಾರಿಗೆ. ಯೆರೂಸಲೇಮಿಗೂ ಮಿಗ್ದಲ್ ಏದೆರ್ ಎಂಬ ಜಾಗಕ್ಕೂ ನಡುವೆ ತಪ್ಪಿಸಿಕೊಂಡ ಪಶು ಸಿಕ್ಕರೆ, ಗಂಡಾದರೆ ಇಂಥ ಬಲಿಗೆ, ಹೆಣ್ಣಾದರೆ ಇಂಥ ಬಲಿಗೆ ಎಂದು ಆ ನಿಯಮ ಹೇಳುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಚೀಲ ಯಾರಿಗೆ ಸೇರಬೇಕು ಎಂಬಂಥ ನಿಯಮ ಅದು. ಅದರಿಂದ ಬೆತ್ಲೆಹೇಮಿನ ಕುರಿಗಳೆಲ್ಲ ದೇವಾಲಯದವೇ ಎಂಬಲ್ಲಿಗೆ ಹೋಗಬೇಕಾದರೆ ದೊಡ್ಡ ಹಳ್ಳವನ್ನೇ ಜಿಗಿಯಬೇಕು. ಇನ್ನು ಮರಿಗಳಿಗೆ ಬಟ್ಟೆ ಸುತ್ತುತ್ತಿದ್ದರು ಎಂಬ ಮಾತು ಮಿಷ್ನಾದಲ್ಲಿ ಇಲ್ಲವೇ ಇಲ್ಲ. ಯಾರೋ ಸೇರಿಸಿದರು, ಮತ್ಯಾರೋ ನಂಬಿದರು.

ಬಟ್ಟೆಯ ವಿಷಯ ಹೆಂಗಸರಾದ ನಮ್ಮನ್ನು ಕೇಳಿದ್ದರೆ ಒಂದು ನಿಮಿಷದಲ್ಲಿ ಬಗೆಹರಿಯುತ್ತಿತ್ತು. ಹುಟ್ಟಿದ ಕೂಸಿಗೆ ಬಟ್ಟೆ ಸುತ್ತುವುದರಲ್ಲಿ ಏನು ಗುಟ್ಟು? ಹಳೆಯ ಮೆತ್ತನ್ನ ಬಟ್ಟೆ ಹರಿದು ಸುತ್ತದೆ ಯಾವ ತಾಯಿ ಕೂಸನ್ನು ಮಲಗಿಸಿದ್ದಾಳೆ? ಯೆಹೆಜ್ಕೇಲನ ಪುಸ್ತಕದ 16ನೆಯ ಅಧ್ಯಾಯದಲ್ಲಿ, ಯಾರೂ ಗತಿಯಿಲ್ಲದ ಕೂಸಿನ ವರ್ಣನೆ ಬರುವಾಗ, ಹೊಕ್ಕುಳು ಕೊಯ್ಯಲಿಲ್ಲ, ಬಟ್ಟೆ ಸುತ್ತಲಿಲ್ಲ ಎಂದೇ ಹೇಳಿದೆ. ಆ ರಾತ್ರಿ ಬೆತ್ಲೆಹೇಮಿನಲ್ಲಿ ಇನ್ನೆರಡು ಕೂಸು ಹುಟ್ಟಿದ್ದರೆ ಅವೂ ಬಟ್ಟೆಯಲ್ಲೇ ಇರುತ್ತಿದ್ದವು. ಗುರುತು ಇರುವುದು ಗೋದಲಿಯಲ್ಲಿ. ನಮ್ಮ ಕಡೆ ಗ್ವಾದ್ಲಿ ಎನ್ನುತ್ತೇವೆ, ದನದ ಮುಂದೆ ಮೇವು ಹಾಕುವ ಜಾಗ. ಕೂಸು ಅಲ್ಲಿ ಮಲಗಿರುವುದು ವಿಶೇಷ. ಅದನ್ನು ಹುಡುಕಿ ಹೋಗಲು ದೇವಾಲಯದ ತರಬೇತಿ ಬೇಕಿಲ್ಲ. ಊರೊಳಗೆ ಯಾರ ಮನೆಯಲ್ಲಿ ದನ ಎಲ್ಲಿ ಕಟ್ಟುತ್ತಾರೆಂದು ತಿಳಿದಿದ್ದರೆ ಸಾಕು.

ಹಾಗೆ ನೋಡಿದರೆ ಕೊಟ್ಟಿಗೆ ಎಂಬ ಮಾತೂ ಲೂಕನಲ್ಲಿ ಇಲ್ಲ. ಎತ್ತು ಕತ್ತೆಗಳೂ ಇಲ್ಲ. ಅವು ಯೆಶಾಯನ ಪ್ರವಾದನೆಯ ಮೊದಲ ಅಧ್ಯಾಯದಿಂದ ಎದ್ದು ಬಂದು ನಮ್ಮ ಕ್ರಿಬ್‌ನಲ್ಲಿ ನಿಂತವು. ನಮ್ಮ ಸತ್ಯವೇದದಲ್ಲಿ ಛತ್ರ ಎಂದು ಅನುವಾದಿಸಿದ ಗ್ರೀಕ್ ಪದವನ್ನೇ ಲೂಕ ಮುಂದೆ 22ನೆಯ ಅಧ್ಯಾಯದಲ್ಲಿ, ಕಡೆಯ ಊಟದ ಕೋಣೆಗೆ ಬಳಸುತ್ತಾನೆ. ಒಳ್ಳೆಯ ಸಮಾರ್ಯನ ಕಥೆಯಲ್ಲಿ ಬರುವ ನಿಜವಾದ ಛತ್ರಕ್ಕೆ ಅವನು ಬೇರೆಯೇ ಪದ ಹಾಕಿದ್ದಾನೆ. ಆದ್ದರಿಂದ ಇಲ್ಲಿರುವುದು ಬಂಧುಗಳ ಮನೆಯ ಅತಿಥಿಕೋಣೆ, ಅದು ತುಂಬಿತ್ತು, ಅದಕ್ಕೇ ದನ ಕಟ್ಟುವ ಕಡೆ ಜಾಗ ಮಾಡಿಕೊಟ್ಟರು ಎಂದು ವಿದ್ವಾಂಸರಲ್ಲಿ ಹಲವರು ವಾದಿಸುತ್ತಾರೆ. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಹುಟ್ಟಿ ಬೆಳೆದ ನನಗೆ ಇದು ವಾದವೆಂದೇ ಅನ್ನಿಸುವುದಿಲ್ಲ. ತಲೆಬಾಗಿಲು ದಾಟಿದರೆ ಮೊದಲು ದನ, ಮೆಟ್ಟಿಲು ಹತ್ತಿದರೆ ಮಂದಿ. ಒಂದೇ ಸೂರು, ಒಂದೇ ದೀಪ. ಅಂಥ ಮನೆಯಲ್ಲಿ ಚೊಚ್ಚಲ ಬಾಣಂತಿಯ ಸುತ್ತ ನಾಲ್ಕು ಹೆಂಗಸರು ಇರದೆ ಇರುತ್ತಾರೆಯೇ ಎಂದು ನನಗೆ ಸಂಶಯ. ಲೂಕ ಅವರ ಹೆಸರು ಹೇಳಲಿಲ್ಲ, ಅಷ್ಟೆ. ಅಡುಗೆಮನೆಯ ಹೆಂಗಸರ ಹೆಸರು ಯಾವ ಚರಿತ್ರೆಯಲ್ಲಿ ಬಂದಿದೆ?

ಈಗ ಲೂಕ ಹೇಳಿದ್ದಷ್ಟನ್ನೇ ನೋಡೋಣ. ಅವನು ಕಥೆ ಶುರುಮಾಡುವುದು ರೋಮಿನ ಚಕ್ರವರ್ತಿ ಔಗುಸ್ತನ ಆಜ್ಞೆಯಿಂದ. ಈ ಔಗುಸ್ತನ ಹುಟ್ಟಿದ ದಿನವೇ ಲೋಕಕ್ಕೆ ಶುಭವಾರ್ತೆಯ ಆರಂಭವೆಂದು, ಅವನನ್ನು ರಕ್ಷಕನೆಂದು ಹೊಗಳಿ ಕ್ರಿ.ಪೂ. 9ರಲ್ಲಿ ಕಲ್ಲಿನಲ್ಲಿ ಕೆತ್ತಿಸಿದ ಶಾಸನ ಇಂದಿನ ಟರ್ಕಿಯ ಪ್ರಿಯೇನೆಯಲ್ಲಿ ಸಿಕ್ಕಿದೆ. ಶುಭವಾರ್ತೆ, ರಕ್ಷಕ. ದೇವದೂತ ಕುರುಬರಿಗೆ ಹೇಳುವುದೂ ಇವೇ ಎರಡು ಮಾತು. ಅರಮನೆಯವರು ತಮ್ಮದೆಂದು ಕಲ್ಲಿನಲ್ಲಿ ಕೊರೆಸಿಟ್ಟ ಮಾತುಗಳನ್ನು ಎತ್ತಿ ರಾತ್ರಿಪಾಳಿಯ ಆಳುಗಳ ಕೈಗೆ ಕೊಟ್ಟ ಹಾಗಾಯಿತು. ರಾತ್ರಿಪಾಳಿ ಎಂದು ಸುಮ್ಮನೆ ಹೇಳುತ್ತಿಲ್ಲ. ಗ್ರೀಕಿನಲ್ಲಿ ಸರದಿಯ ಮೇಲೆ ಪಹರೆ ಮಾಡುವ ಅರ್ಥ ಬರುವಂತೆಯೇ ಬರೆದಿದೆ. ಒಬ್ಬ ಎಚ್ಚರ, ಒಬ್ಬ ಅರೆನಿದ್ದೆ. ಅವರು ಪ್ರಾರ್ಥನೆಯಲ್ಲಿ ಇರಲಿಲ್ಲ, ಉಪವಾಸ ಇರಲಿಲ್ಲ. ಕೆಲಸದ ಮೇಲಿದ್ದರು.

ಅವರು ಹೆದರಿದರು. ಇದನ್ನು ನಮ್ಮ ಕ್ರಿಸ್‌ಮಸ್ ಕಾರ್ಡುಗಳು ಮರೆತೇಬಿಟ್ಟಿವೆ. ರೆಂಬ್ರಾಂಟ್ 1634ರಲ್ಲಿ ಮಾಡಿದ ಎಚ್ಚುಚಿತ್ರ ಒಂದಿದೆ. ಅದರಲ್ಲಿ ಕುರುಬರೂ ಪಶುಗಳೂ ದಿಕ್ಕೆಟ್ಟು ಓಡುತ್ತಿರುವುದನ್ನು ನೋಡಿದ ಮೇಲೆ ನನಗೆ ಒಂಬತ್ತನೆಯ ವಚನ ಸರಿಯಾಗಿ ಅರ್ಥವಾಯಿತು. ನಡುರಾತ್ರಿ ಬಯಲಿನಲ್ಲಿ ಬೆಳಕು ಬಿದ್ದರೆ ಮಂದೆ ಚೆದರುತ್ತದೆ. ಹೆದರಬೇಡಿ ಎಂದು ದೂತ ಹೇಳುವುದು ಈ ಸುವಾರ್ತೆಯಲ್ಲಿ ಇದು ಮೂರನೆಯ ಸಲ. ಮೊದಲು ಯಾಜಕ ಜಕರೀಯನಿಗೆ, ಆಮೇಲೆ ಮರಿಯಳಿಗೆ, ಈಗ ಇವರಿಗೆ.

ಆಮೇಲೆ ಬರುವುದು ನನಗೆ ತುಂಬ ಹಿಡಿಸಿದ ಭಾಗ. ಪುಸ್ತಿಕೆಗಳಲ್ಲಿ ವಿಧೇಯತೆ ಮೊದಲ ಪಾಠವಾಗಿರುತ್ತದೆಯಲ್ಲ? ಆದರೆ ದೂತ ಅವರಿಗೆ ಹೋಗಿ ಎಂದು ಹೇಳಿಯೇ ಇಲ್ಲ! ಕೂಸು ಹುಟ್ಟಿದೆ ಎಂದ, ಗುರುತು ಇದು ಎಂದ, ನಿಮಗೆ ಕಾಣುವುದು ಎಂದ. ಅಷ್ಟೇ. ಹಾಡಿನ ನಂತರ ಎಲ್ಲರೂ ಹೊರಟುಹೋದರು, ಮತ್ತೆ ಕತ್ತಲೆ. ಆಗ ಕುರುಬರು ತಮ್ಮತಮ್ಮಲ್ಲಿ ಮಾತಾಡಿಕೊಂಡರು, ಹೋಗೋಣ ನಡೆಯಿರಿ ಎಂದು ತಾವೇ ತೀರ್ಮಾನಿಸಿದರು. ಇದು ಅಪ್ಪಣೆ ಪಾಲಿಸಿದ ಕಥೆಯಲ್ಲ, ಸುದ್ದಿ ಕೇಳಿ ನೋಡಬೇಕೆನ್ನಿಸಿ ಎದ್ದವರ ಕಥೆ. ನಮ್ಮ ಹೆಣ್ಣುಮಕ್ಕಳಿಗೆ ಹೇಳಿದ್ದು ಕೇಳು, ಹೇಳಿದ್ದು ಮಾಡು ಎಂದು ಕಲಿಸಲು ಈ ಕುರುಬರನ್ನು ಬಳಸಿಕೊಳ್ಳುವುದು ನ್ಯಾಯವಲ್ಲ.

ಹೋಗೋಣ ಎಂದರು, ಸರಿ. ಕುರಿ ಯಾರಿಗೆ ಒಪ್ಪಿಸಿ ಹೋದರು? ಈ ಪ್ರಶ್ನೆ ಪ್ರಸಂಗ ಮಾಡುವವರಿಗೆ ಹೊಳೆಯುವುದಿಲ್ಲ. ನಾನು ಎಷ್ಟೋ ಹೆಂಗಸರ ಮುಂದೆ ಈ ಕಥೆ ಓದಿದ್ದೇನೆ. ಮೊದಲು ಬರುವ ಪ್ರಶ್ನೆಯೇ ಇದು. ಹಾಲು ಒಲೆಯ ಮೇಲಿಟ್ಟು ಬಾಗಿಲಿಗೆ ಹೋದವಳಿಗೆ ಗೊತ್ತು ಅದರ ಸಂಕಟ. ಲೂಕ ಉತ್ತರ ಕೊಡುವುದಿಲ್ಲ. ಒಬ್ಬ ಹಿಂದುಳಿದನೇ? ಸರದಿಯಿಂದ ಹೋಗಿ ಬಂದರೇ? ನಮ್ಮ ನಾಟಕದಲ್ಲಿ ಪ್ರತಿಯೊಬ್ಬ ಕುರುಬನ ಬಗಲಲ್ಲೂ ಹತ್ತಿಯ ಮರಿ ಇರುತ್ತದೆ. ಲೂಕನಲ್ಲಿ ಅವರು ಕುರಿ ಹೊಡೆದುಕೊಂಡು ಹೋದ ಮಾತಿಲ್ಲ, ಕಾಣಿಕೆ ಕೊಟ್ಟ ಮಾತೂ ಇಲ್ಲ. ಬರಿಗೈಯಲ್ಲಿ ಹೋದರು.

ಒಂದು ಕ್ರಿಸ್‌ಮಸ್ ಬೆಳಗಿನ ಆರಾಧನೆಯಲ್ಲಿ, ಹೊರಗಿನಿಂದ ಬಂದಿದ್ದ ಬೋಧಕರೊಬ್ಬರು, ಕುರುಬರು ಎಲ್ಲವನ್ನೂ ಬಿಟ್ಟು ಓಡಿದರು, ನಮ್ಮ ತಾಯಂದಿರಿಗೆ ಮಾತ್ರ ಅಡುಗೆಮನೆ ಬಿಟ್ಟು ಬರಲಾಗುವುದಿಲ್ಲ ಎಂದು ಚುಚ್ಚಿದರಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ನಾನು ಅಲ್ಲಿರಲಿಲ್ಲ. ನಮ್ಮ ಅತ್ತೆಯವರು ಲಕ್ವ ಹೊಡೆದು ಆರು ವರ್ಷ ಹಾಸಿಗೆ ಹಿಡಿದಿದ್ದರು. ಆ ಆರು ಕ್ರಿಸ್‌ಮಸ್ಸಿನಲ್ಲಿ ಮನೆಯವರೂ ಮಕ್ಕಳೂ ಚರ್ಚಿಗೆ ಹೋಗುತ್ತಿದ್ದರು. ನಾನು ಅವರ ಮಗ್ಗುಲು ಬದಲಿಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ ಕೂಡುತ್ತಿದ್ದೆ. ದೂರದಿಂದ ಗಂಟೆ ಕೇಳಿಸುತ್ತಿತ್ತು. ಬಂದವರು ಈ ಮಾತು ಹೇಳಿದಾಗ ನಾನು ಸತ್ಯವೇದ ತೆಗೆದು ಮತ್ತೆ ಓದಿದೆ. ಎಲ್ಲವನ್ನೂ ಬಿಟ್ಟು ಎಂಬ ಮಾತು ಲೂಕನಿಗೆ ಬರೆಯಲು ಬರುತ್ತಿತ್ತು. ಐದನೆಯ ಅಧ್ಯಾಯದಲ್ಲಿ ಮೀನುಗಾರರ ಬಗ್ಗೆ ಹಾಗೆಯೇ ಬರೆದಿದ್ದಾನೆ. ಅದೇ ಅಧ್ಯಾಯದಲ್ಲಿ ಸುಂಕದ ಲೇವಿಯ ಬಗ್ಗೆಯೂ ಬರೆದಿದ್ದಾನೆ. ಕುರುಬರ ಬಗ್ಗೆ ಬರೆಯಲಿಲ್ಲ. ಅವರ ಬಗ್ಗೆ ಬರೆದ ಕಡೆಯ ಮಾತು, ಹಿಂದಿರುಗಿದರು ಎಂಬುದು. ದೇವರನ್ನು ಕೊಂಡಾಡುತ್ತ, ಎಲ್ಲಿಂದ ಎದ್ದು ಬಂದಿದ್ದರೋ ಅಲ್ಲಿಗೆ. ಯೇಸುವಿನ ಹಿಂಬಾಲಕರಾಗಲು ಯಾರೂ ಅವರನ್ನು ಕೇಳಲಿಲ್ಲ, ಕುರಿ ಮಾರಿ ಬಾ ಎನ್ನಲಿಲ್ಲ. ಬೆಳಗಾದರೆ ಹಾಲು ಕರೆಯಬೇಕು, ಕುಂಟುವ ಮರಿಯ ಕಾಲು ನೋಡಬೇಕು. ಬಿಟ್ಟು ಹೋಗುವವರನ್ನು ಹೊಗಳುವ ಪ್ರಸಂಗಗಳು ನಮ್ಮಲ್ಲಿ ಬೇಕಾದಷ್ಟಿವೆ. ಹಿಂದಿರುಗುವವರ ಮೇಲೆ ಒಂದೇ ಒಂದು ಪ್ರಸಂಗ ಕೇಳುವ ಆಸೆ ನನಗೆ ಇನ್ನೂ ಇದೆ.

ಚಿತ್ರಕಾರರೂ ನಾಟಕದವರೂ ಈ ವಿಷಯದಲ್ಲಿ ಬೋಧಕರಿಗಿಂತ ವಾಸಿ. ಫ್ಲಾಂಡರ್ಸಿನ ಹ್ಯೂಗೊ ವಾನ್ ಡರ್ ಗೂಸ್, 1475ರ ಸುಮಾರಿನಲ್ಲಿ, ಮೆದಿಚಿಗಳ ಬ್ಯಾಂಕಿನ ಪ್ರತಿನಿಧಿ ಪೋರ್ಟಿನಾರಿಗಾಗಿ ಬರೆದ ದೊಡ್ಡ ವೇದಿಚಿತ್ರ ಈಗ ಫ್ಲಾರೆನ್ಸಿನ ಉಫೀಝಿ ಸಂಗ್ರಹದಲ್ಲಿದೆ. ಅದರಲ್ಲಿ ಮೂವರು ಕುರುಬರು ಬಲಗಡೆಯಿಂದ ನುಗ್ಗಿ ಬರುತ್ತಾರೆ. ಒಬ್ಬನ ಬಾಯಿ ತೆರೆದಿದೆ, ಹಲ್ಲು ಬಿದ್ದಿದೆ. ಕೈಗಳು ಕೆಲಸ ಮಾಡಿ ಒರಟಾದ ಕೈಗಳು. ದೇವದೂತರ ರೇಷ್ಮೆಯ ಉಡುಪಿಗಿಂತ ಆ ಕೈಗಳ ಮೇಲೆಯೇ ನಮ್ಮ ಕಣ್ಣು ನಿಲ್ಲುತ್ತದೆ. ಚಿತ್ರ 1483ರಲ್ಲಿ ಫ್ಲಾರೆನ್ಸಿಗೆ ಬಂದಾಗ ಅಲ್ಲಿನ ಕಲಾವಿದರೂ ಅದನ್ನು ಗಮನಿಸಿದರು. ಎರಡು ವರ್ಷದಲ್ಲಿ ಗಿರ್ಲಾಂಡಾಯೊ ತನ್ನ ಚಿತ್ರದಲ್ಲಿ ಅಂಥದೇ ಕುರುಬರನ್ನು ತಂದ.

ಇಂಗ್ಲೆಂಡಿನಲ್ಲಿ ಹದಿನೈದನೆಯ ಶತಮಾನದ, ವೇಕ್‌ಫೀಲ್ಡಿನದೆನ್ನುವ ಕುರುಬರ ನಾಟಕ ಒಂದಿದೆ. ಬಿ.ಎ.ಗೆ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡಾಗ ಅದರ ಸಾರಾಂಶ ಓದಿ, ಆಮೇಲೆ ಹುಡುಕಿ ಪೂರ್ತಿ ಓದಿದೆ. ಅದರ ಕುರುಬರು ಬಂದ ಕೂಡಲೇ ಚಳಿಯನ್ನು, ಜಮೀನ್ದಾರರನ್ನು, ತೆರಿಗೆಯನ್ನು, ಹೆಂಡತಿಯರನ್ನು ಬಯ್ಯುತ್ತಾರೆ. ಮ್ಯಾಕ್ ಎಂಬವನು ಇವರ ಒಂದು ಕುರಿ ಕದ್ದು ಮನೆಗೆ ಒಯ್ಯುತ್ತಾನೆ. ಹೆಂಡತಿ ಜಿಲ್ ಬಲು ಜಾಣೆ. ಕುರಿಯನ್ನು ತೊಟ್ಟಿಲಲ್ಲಿ ಹಾಕಿ, ಬಟ್ಟೆ ಸುತ್ತಿ, ತಾನು ಆಗಲೇ ಹೆತ್ತ ಬಾಣಂತಿಯ ಹಾಗೆ ನರಳುತ್ತ ಮಲಗುತ್ತಾಳೆ. ಕುರುಬರು ಮನೆಯೆಲ್ಲ ಹುಡುಕಿ ಕುರಿ ಕಾಣದೆ ಹೊರಗೆ ಹೋಗುತ್ತಾರೆ. ಅಷ್ಟರಲ್ಲಿ, ಬಾಣಂತಿ ಮನೆಗೆ ಬಂದು ಕೂಸಿನ ಕೈಗೆ ಏನೂ ಕೊಡದೆ ಹೊರಟೆವಲ್ಲ ಎಂದು ನೆನಪಾಗಿ ತಿರುಗಿ ಬರುತ್ತಾರೆ! ಒಬ್ಬ ಮುತ್ತು ಕೊಡಲು ಬಟ್ಟೆ ಸರಿಸಿದರೆ ಒಳಗೆ ಕುರಿಯ ಮೂತಿ. ಕಳ್ಳನಿಗೆ ಮರಣದಂಡನೆಯಾಗಬಹುದಾದ ಕಾಲ ಅದು. ಇವರು ಮ್ಯಾಕ್‌ನನ್ನು ಕಂಬಳಿಯಲ್ಲಿ ಹಾಕಿ ಮೇಲೆ ಎಸೆದೆಸೆದು ಬಿಟ್ಟುಬಿಡುತ್ತಾರೆ. ಆಮೇಲೆಯೇ ದೇವದೂತ ಬರುತ್ತಾನೆ. ಬೆತ್ಲೆಹೇಮಿನ ಕೂಸಿಗೆ ಅವರು ಕೊಡುವುದು ಒಂದು ಗೊಂಚಲು ಚೆರಿ ಹಣ್ಣು, ಒಂದು ಹಕ್ಕಿ, ಆಡಲು ಒಂದು ಚೆಂಡು. ಕುರಿ ಕದ್ದವನ ಮನೆಯ ಕೂಸಿಗೂ ಏನಾದರೂ ಕೊಡಬೇಕೆಂದು ಹಿಂತಿರುಗಿದ ಆ ಗಳಿಗೆ ಇದೆಯಲ್ಲ, ಅದೊಂದು ನೂರು ಪುಸ್ತಿಕೆಗಳನ್ನು ತೂಗುತ್ತದೆ. ದೇವದೂತನ ಹಾಡು ಕೇಳುವ ಮೊದಲೇ ಅವರು ಹಾಗೆ ಮಾಡಿದ್ದರು ಎಂಬುದನ್ನು ನಾಟಕ ಬರೆದವನು ಎತ್ತಿ ಹೇಳುವುದಿಲ್ಲ; ನಮಗೆ ಕಾಣಲೆಂದು ಸುಮ್ಮನೆ ಬಿಟ್ಟಿದ್ದಾನೆ.

ಕುರುಬರ ಹೊಲವೆಂದು ಯಾತ್ರಿಕರು ನೋಡುವ ಜಾಗ ಬೆತ್ಲೆಹೇಮಿಗೆ ಸೇರಿಕೊಂಡಂತಿರುವ ಬೇತ್ ಸಾಹುರ್ ಊರಲ್ಲಿದೆ. ಲ್ಯಾಟಿನ್ ಸಭೆಯವರದು ಒಂದು ಹೊಲ, ಗ್ರೀಕ್ ಸಭೆಯವರದು ಇನ್ನೊಂದು. ರೂತಳು ಹಕ್ಕಲಾಯ್ದ ಹೊಲವೂ ಅಲ್ಲಿಯೇ ಎನ್ನುತ್ತಾರೆ. ಊರಿನ ಹೆಚ್ಚಿನವರು ಅರಬ್ಬಿ ಮಾತಾಡುವ ಕ್ರೈಸ್ತರು. 1989ರಲ್ಲಿ ಇಸ್ರೇಲಿ ಸೇನಾಡಳಿತಕ್ಕೆ ತೆರಿಗೆ ಕೊಡುವುದಿಲ್ಲವೆಂದು ಹಟ ಹಿಡಿದು ಮನೆಯ ಸಾಮಾನು ಜಪ್ತಿ ಮಾಡಿಸಿಕೊಂಡವರು. 2023ರಲ್ಲಿ ಗಾಜಾ ಯುದ್ಧದ ಕಾರಣ ಬೆತ್ಲೆಹೇಮಿನಲ್ಲಿ ಕ್ರಿಸ್‌ಮಸ್ ಸಂಭ್ರಮವನ್ನೇ ನಿಲ್ಲಿಸಿದರು; ಅಲ್ಲಿನ ಲೂಥರನ್ ಚರ್ಚಿನಲ್ಲಿ ಕೂಸನ್ನು ಗೋದಲಿಯ ಬದಲು ಕುಸಿದ ಮನೆಯ ಕಲ್ಲುಗಳ ನಡುವೆ ಮಲಗಿಸಿದ್ದರು. ಕುರುಬರ ಗೊಂಬೆಗಳನ್ನು ಪೇಪರ್‌ಮ್ಯಾಶೆಯ ಬೆಟ್ಟದ ಮೇಲೆ ಜೋಡಿಸುವಾಗ ಈ ಊರು ಭೂಪಟದ ಮೇಲಿರುವ ಊರೆಂದು ನಮ್ಮ ಮಕ್ಕಳಿಗೆ ಒಂದು ಸಲವಾದರೂ ಹೇಳಬೇಕು.

ಮತ್ತೆ ಆ ಮನೆಯೊಳಕ್ಕೆ. ಹಸಿ ಬಾಣಂತಿ, ನಡುರಾತ್ರಿ, ಗುರುತಿಲ್ಲದ ಗಂಡಸರು, ಮೈಯೆಲ್ಲ ಕುರಿಯ ವಾಸನೆ. ನಮ್ಮ ಅಮ್ಮಂದಿರಾಗಿದ್ದರೆ ಹೊಸ್ತಿಲಲ್ಲೇ ತಡೆದು, ಬೆಳಗಾದ ಮೇಲೆ ಬನ್ನಿರಪ್ಪಾ ಎನ್ನುತ್ತಿದ್ದರು. ಬಂದವರು ತಾವು ಕೇಳಿದ್ದನ್ನು ಹೇಳಿದರು. ಕೇಳಿದವರೆಲ್ಲ ಆಶ್ಚರ್ಯಪಟ್ಟರು. ನ್ಯಾಯಸ್ಥಾನದಲ್ಲಿ ಸಾಕ್ಷಿ ನಡೆಯದ ಜನ ಎಂದು ಪ್ರಸಂಗದಲ್ಲಿ ಕೇಳಿದೆವಲ್ಲ, ಲೂಕನ ಪ್ರಕಾರ ಯಾರೂ ಅವರನ್ನು ಸುಳ್ಳರೆನ್ನಲಿಲ್ಲ.

ಹಾಗಾದರೆ ಲೂಕನ ಪುಸ್ತಕದಲ್ಲಿ ಯಾರ ಸಾಕ್ಷಿ ನಡೆಯಲಿಲ್ಲ? ಕಡೆಯ ಅಧ್ಯಾಯ ತೆಗೆಯಿರಿ. ಅಲ್ಲಿಯೂ ಇನ್ನೂ ಕತ್ತಲು. ಅಲ್ಲಿಯೂ ಕೆಲಸಕ್ಕೆ ಹೊರಟವರು. ಸುಗಂಧದ್ರವ್ಯ ಹಿಡಿದು ಸಮಾಧಿಗೆ ಹೋದ ಹೆಂಗಸರು. ಅಲ್ಲಿಯೂ ಹೊಳೆಯುವ ದೂತರು, ಅಲ್ಲಿಯೂ ಹೆದರಿಕೆ, ಅಲ್ಲಿಯೂ ಬಟ್ಟೆಯ ಸುದ್ದಿ, ಅಲ್ಲಿಯೂ ಓಡಿಬಂದು ಹೇಳುವುದು. ಒಂದೊಂದೂ ಕುರುಬರ ಕಥೆಯ ಜೊತೆ ಹೊಂದುತ್ತದೆ. ಕೊನೆ ಮಾತ್ರ ಬೇರೆ. ಹೆಂಗಸರ ಮಾತು ಅಪೊಸ್ತಲರಿಗೆ ಬರೀ ಹರಟೆಯಾಗಿ ಕಂಡಿತು, ಅವರು ನಂಬಲಿಲ್ಲ ಎಂದು ಲೂಕ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಕುರುಬರು ಹೇಳಿದಾಗ ಬೆರಗು. ಹೆಂಗಸರು ಹೇಳಿದಾಗ ಹರಟೆ. ಇದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ. ಕುರುಬನನ್ನೂ ಹೆಂಗಸನ್ನೂ ಜೋಡಿಯಾಗಿ ನಿಲ್ಲಿಸುವುದು ಲೂಕನ ರೂಢಿ. 15ನೆಯ ಅಧ್ಯಾಯದಲ್ಲಿ ಕಳೆದ ಕುರಿ ಹುಡುಕುವ ಕುರುಬನ ಬೆನ್ನಿಗೇ, ಕಳೆದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸುವ ಹೆಂಗಸು ಬರುತ್ತಾಳೆ. ಕುರುಬ ತನ್ನ ಕುರಿಯನ್ನು ಹೆಗಲ ಮೇಲೆ ಹೊತ್ತ ಚಿತ್ರ ನಮ್ಮ ಪ್ರತಿ ಮನೆಯ ಗೋಡೆಯ ಮೇಲಿದೆ. ಕಸಬರಿಗೆ ಹಿಡಿದ ಹೆಂಗಸಿನ ಚಿತ್ರ ಎಷ್ಟು ಮನೆಗಳಲ್ಲಿ ನೋಡಿದ್ದೀರಿ?

ಕುರುಬರ ಮಾತನ್ನು ಉಳಿದವರು ಕೇಳಿ ಬೆರಗಾಗಿ ಮನೆಗೆ ಹೋದರು. ಮರಿಯಳು ಮಾತ್ರ ಅವನ್ನು ಇಟ್ಟುಕೊಂಡಳು. ಗ್ರೀಕ್ ಪದದ ಅರ್ಥ, ಬಿಡಿಬಿಡಿಯಾದವುಗಳನ್ನು ಒಟ್ಟಿಗೆ ತಂದು ಹೊಂದಿಸಿ ನೋಡುವುದು ಎಂದು. ಹೊಲಿಗೆ ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಕೌದಿಗೆ ತುಂಡು ಜೋಡಿಸುವಾಗ ಎಲ್ಲಿ ಯಾವುದು ಕೂಡುತ್ತದೆಂದು ಹಿಡಿದು ಹಿಡಿದು ನೋಡುವುದಿಲ್ಲವೇ, ಹಾಗೆ. ಇದೇ ಮಾತನ್ನು ಲೂಕ ಅಧ್ಯಾಯದ ಕೊನೆಗೆ, ಹನ್ನೆರಡು ವರ್ಷದ ಮಗ ದೇವಾಲಯದಲ್ಲಿ ತಪ್ಪಿಸಿಕೊಂಡು ಸಿಕ್ಕಾಗ, ಸ್ವಲ್ಪ ಬದಲಿಸಿ ಇನ್ನೊಮ್ಮೆ ಹೇಳುತ್ತಾನೆ. ಆ ರಾತ್ರಿಯ ಕಥೆ ಲೂಕನವರೆಗೆ ಬಂದದ್ದು ಈ ತಾಯಿಯ ಕಡೆಯಿಂದಲೇ ಎಂದು ಹಿಂದಿನಿಂದಲೂ ನಂಬಿಕೆಯಿದೆ. ಅದನ್ನು ಸಾಧಿಸಿ ತೋರಿಸುವುದು ಕಷ್ಟ. ಆದರೂ ಲೂಕನ ಎರಡನೆಯ ಪುಸ್ತಕವಾದ ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯದಲ್ಲಿ ಅವಳು ಮತ್ತೆ ಕಾಣಿಸಿಕೊಳ್ಳುತ್ತಾಳೆ. ಯೆರೂಸಲೇಮಿನ ಮೇಲಂತಸ್ತಿನ ಕೋಣೆಯಲ್ಲಿ, ಶಿಷ್ಯರ ನಡುವೆ, ಉಳಿದ ಹೆಂಗಸರ ಜೊತೆ. ಆ ಹೊತ್ತಿಗೆ ಕುರುಬರಲ್ಲಿ ಎಲ್ಲರಿಗಿಂತ ಚಿಕ್ಕವನಾಗಿದ್ದವನಿಗೂ ನನ್ನ ವಯಸ್ಸು, ಐವತ್ತರ ಮೇಲೆ ಆಗಿದ್ದೀತು. ಬೆತ್ಲೆಹೇಮಿನಿಂದ ಯೆರೂಸಲೇಮಿಗೆ ಎಂಟೊಂಬತ್ತು ಕಿಲೋಮೀಟರ್ ದಾರಿ. ಅವನು ಬಂದಿದ್ದನೆಂದು ಲೂಕ ಬರೆದಿಲ್ಲ. ಕುರಿಯ ಹತ್ತಿರ ಇದ್ದಿರಬೇಕು.